ಗೇಟ್‌ವೇ ಎಬ್ಬಿಸುತ್ತಿದ್ದ ಮೇಷ್ಟ್ರು

ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿದ್ದ ಯಾರಿಗೂ ಆ ಸಂಜೆ ಮನೆ ಸೇರುವ ದಾರಿಯಿರಲಿಲ್ಲ. ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣ ಕಾಣುತ್ತಿರಲಿಲ್ಲ. ಇಳಿಜಾರಿನ ರಸ್ತೆಗೆ ಮರ ಅಡ್ಡ ಬಿದ್ದಿದೆಯೆಂದು ಡ್ರೈವರು ಅರ್ಧ ದಾರಿಯಿಂದಲೇ ಜೀಪು ತಿರುಗಿಸಿಕೊಂಡು ಬಂದಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ಕೈದು ಮಂದಿ ಇಂಜಿನಿಯರುಗಳು ಕುರ್ಚಿ ಎಳೆದುಕೊಂಡು ಹೀಟರಿನ ಸುತ್ತ ಕೂತು ಒದ್ದೆ ಕಾಲುಚೀಲ ಒಣಗಿಸಿಕೊಳ್ಳುತ್ತಿದ್ದರು. ಮೂಲೆಯ ಮೇಜಿನ ಹತ್ತಿರ, ಹೆಗಲಿಗೆ ಶಾಲು ಹೊದ್ದು, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದವರು ವೈರ್‌ಲೆಸ್ ದೊಡ್ಡಮ್ಮ. ನಿವೃತ್ತಿಯಾಗಿ ವರ್ಷಗಳೇ ಕಳೆದರೂ ಮಳೆಗಾಲ ಬಂತೆಂದರೆ ಅವರನ್ನು ಕರೆಸುತ್ತಿದ್ದರು. ಹಳೆಯ ವೈರ್‌ಲೆಸ್ ಸೆಟ್ಟಿನ ಗೊರಗೊರದಲ್ಲಿ ಮಾತು ಹೆಕ್ಕುವ ಕಿವಿ ಅವರೊಬ್ಬರಿಗೇ ಉಳಿದಿತ್ತು.

ಸುಮ್ಮನೆ ಕೂರಲಾರದ ಒಬ್ಬ ಹುಡುಗಿ ಕಂಪ್ಯೂಟರಿನಲ್ಲಿ ಏನೋ ಕೆದಕುತ್ತಾ, “ನೋಡ್ರೋ, ಸರ್ವರಲ್ಲಿ ಒಬ್ಬರ ಲಾಗಿನ್ ಇನ್ನೂ ಇದೆ. ಈ ಮನುಷ್ಯ ತೀರಿಕೊಂಡು ಎಷ್ಟೋ ವರ್ಷ ಆಯ್ತಂತೆ. ಹೇಗೂ ಕೂತಿದೀವಲ್ಲ, ಅಳಿಸಿಬಿಡ್ತೀನಿ,” ಎಂದಳು.

ದೊಡ್ಡಮ್ಮ ಲೋಟ ಕೆಳಗಿಟ್ಟರು.

“ಕೈ ತೆಗಿಯಮ್ಮಾ… ಮೊದಲು ಆ ಕೀಬೋರ್ಡಿಂದ ಕೈ ತೆಗಿ. ಹಾಂ, ಹಾಗೆ. ಮರ ಕಡಿದು ದಾರಿ ಬಿಡಿಸೋವರೆಗೆ ನೀವ್ಯಾರೂ ಎಲ್ಲೂ ಹೋಗೋ ಹಾಗಿಲ್ಲ, ನನಗೂ ನಿದ್ದೆ ಬರಲ್ಲ. ಕೇಳಿ. ಕೇಳಿದ ಮೇಲೂ ಅಳಿಸಬೇಕು ಅನ್ಸಿದ್ರೆ ಅಳಿಸು, ನಾನೇನು ಬೇಡ ಅನ್ನಲ್ಲ. ಆದ್ರೆ ನಾನು ಮಾತ್ರ ಈ ಬಿಲ್ಡಿಂಗಲ್ಲಿ ಇರಲ್ಲ… ಆ ಮಳೇಲಿ ನೆನಕೊಂಡಾದ್ರೂ ನಡೆದು ಹೋಗ್ತೀನಿ.

“ಆ ಹೆಸರಿನ ಮನುಷ್ಯನ್ನ ನಾವೆಲ್ಲ ಮೇಷ್ಟ್ರು ಅಂತಿದ್ವಿ. ಯಾವ ಸ್ಕೂಲಲ್ಲೂ ಪಾಠ ಮಾಡಿದವರಲ್ಲ. ಯಾರಾದ್ರೂ ತಪ್ಪು ಮಾಡಿದ್ರೆ ಕನ್ನಡಕ ಮೂಗಿನ ತುದಿಗಿಳಿಸಿ ಒಂದು ನೋಟ ನೋಡೋರು, ಅಷ್ಟೇ, ಎಂಥ ದೊಡ್ಡ ಅಧಿಕಾರಿ ಆದ್ರೂ ಅಂಗಿ ಗುಂಡಿ ಸರಿ ಮಾಡ್ಕೊಳ್ಳೋನು! ಸರ್ವರ್ ರೂಮು ಅವರ ವಶದಲ್ಲಿತ್ತು. ಅದೇ, ಈ ಗೋಡೆ ಆಚೆ ಇದೆಯಲ್ಲ, ಆ ರೂಮು. ನನ್ನ ವೈರ್‌ಲೆಸ್ ಮೇಜು ಆಗ ಅದರ ಬಾಗಿಲಿಗೇ ಅಂಟಿಕೊಂಡಿತ್ತು, ಹಾಗಾಗಿ ಒಳಗೆ ಒಂದು ಸೊಳ್ಳೆ ಹೋದ್ರೂ ನನಗೆ ಗೊತ್ತಾಗೋದು.

“ಡ್ರೈವರಣ್ಣಾ, ಇವರ ಕಂಪ್ಯೂಟರ್ ಮಾತು ನಿನಗಲ್ಲ ಅಂತ ಆಕಳಿಸಬೇಡ, ನಿನಗೂ ಅರ್ಥ ಆಗೋ ಹಾಗೆ ಹೇಳ್ತೀನಿ. ಅಣೆಕಟ್ಟಿಂದ ನೀರು ಬಿಡೋ ಮುಂಚೆ ಕೆಳಗಿನೋರಿಗೆಲ್ಲ ತಿಳಿಸಬೇಕಲ್ವಾ? ಹೊಳೆಯಲ್ಲಿ ಬಟ್ಟೆ ಒಗೆಯೋರು, ಮೀನು ಹಿಡಿಯೋರು, ದೋಣಿ ನಡೆಸೋರು… ಅವರಿಗೆ. ಅದಕ್ಕೆ ದಡದುದ್ದಕ್ಕೂ ಹಾರ್ನ್ ಕಂಬ ನೆಟ್ಟಿದಾರೆ. ಇಲ್ಲಿಂದ ಒಂದು ಮೆಸೇಜು ಹೋಗುತ್ತೆ, ಅಲ್ಲಿ ಹಾರ್ನು ಕೂಗುತ್ತೆ, ಜನ ದಡ ಹತ್ತುತ್ತಾರೆ. ಆ ಮೆಸೇಜನ್ನ ಕಳಿಸೋದಕ್ಕೆ ಸರ್ವರಲ್ಲಿ ಒಂದು ಪ್ರೋಗ್ರಾಮು. ಅದನ್ನೇ ಇವರು ಗೇಟ್‌ವೇ ಅಂತಾರೆ. ಅದು ನಿದ್ದೆ ಹೋಯ್ತು ಅಂದ್ಕೊ, ಒಂದು ಹಾರ್ನೂ ಕೂಗಲ್ಲ. ಕರೆಂಟ್ ಹೋಗಿ ಬಂದಾಗೆಲ್ಲ ಅದನ್ನ ಮತ್ತೆ ಎಬ್ಬಿಸಬೇಕು. ಸಾಧಾರಣವಾಗಿ ಮಿಷನ್ನು ತಾನೇ ಎದ್ದು, ಯಾವುದನ್ನ ಮೊದಲು, ಯಾವುದನ್ನ ಆಮೇಲೆ ಅಂತ ಒಂದೊಂದಾಗಿ ಎಬ್ಬಿಸೋಕೆ ನಾಲ್ಕು ಸಾಲು ಬರೆದಿಟ್ಟಿರ್ತಾರೆ. ಅದಕ್ಕೆ ಸ್ಕ್ರಿಪ್ಟು ಅಂತ ಹೆಸರು. ತಿಳೀತಾ? ಸರಿ.

“ನಮ್ಮ ಮೇಷ್ಟ್ರು ಆ ಸ್ಕ್ರಿಪ್ಟನ್ನ ನಂಬ್ತಾನೇ ಇರಲಿಲ್ಲ! ಕರೆಂಟ್ ಹೋಗಿ ಬಂತು ಅಂದ್ರೆ ಸಾಕು, ಊಟದ ಎಲೆ ಮುಂದೆ ಇರಲಿ, ಅರ್ಧ ಗಡ್ಡ ಬೋಳಿಸಿಕೊಂಡಿರಲಿ, ಓಡಿ ಬರೋರು. ಬಂದು ಆ ಕಪ್ಪು ಸ್ಕ್ರೀನಿನ ಮುಂದೆ ಕೂತು, ಮೊದಲು ಮೋಡೆಮ್, ಅದೇ ಮೆಸೇಜನ್ನ ಹೊರಗೆ ಸಾಗಿಸೋ ಪೆಟ್ಟಿಗೆ, ಅದನ್ನ ಎಬ್ಬಿಸಿ, ಅದು ಓ ಅನ್ನೋವರೆಗೆ ಕಾದು, ಆಮೇಲೆ ಗೇಟ್‌ವೇ ಎಬ್ಬಿಸೋರು. ಅದು ಏಳ್ತಿದ್ದ ಹಾಗೇ ಪಾಸ್‌ವರ್ಡ್ ಕೇಳೋದು… ಯಾವನೋ ತಲೆಹರಟೆ ಸುಮ್ಮಸುಮ್ಮನೆ ಹಾರ್ನ್ ಕೂಗಿಸಬಾರದಲ್ಲ, ಅದಕ್ಕೆ. ಆ ಪಾಸ್‌ವರ್ಡು ಮೇಷ್ಟ್ರ ತಲೇಲಿ ಬಿಟ್ರೆ ಇನ್ನೆಲ್ಲೂ ಇರಲಿಲ್ಲ. ಒಂದೇ ಬೆರಳಲ್ಲಿ, ಟಕ್… ಟಕ್… ಟಕ್… ಅಂತ ಹೊಡೆಯೋರು. ಅಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತರೂ ಎರಡನೇ ಬೆರಳು ಅವರಿಗೆ ಒಗ್ಗಲೇ ಇಲ್ಲ, ನಾನು ಆಡ್ಕೊಂಡು ನಗ್ತಿದ್ದೆ. ‘ಮೇಷ್ಟ್ರೇ, ಆ ಸ್ಕ್ರಿಪ್ಟ್ ಒಂದು ಸರಿ ಮಾಡಿ ಬಿಸಾಕಿ, ಮನೇಲಿ ನೆಮ್ಮದಿಯಾಗಿ ಮಲಗಿ’ ಅಂದ್ರೆ, ‘ಮಾಡ್ತೀನಿ, ಮಾಡ್ತೀನಿ. ಆದ್ರೂ ಎದ್ದಿದೆಯೋ ಇಲ್ವೋ ಅಂತ ಒಬ್ಬರು ಕಣ್ಣಾರೆ ನೋಡಬೇಕು ಕಣಮ್ಮ’ ಅನ್ನೋರು. ಮಾಡಲಿಲ್ಲ.

“ಬೇಸಿಗೇಲಿ ಹೋಗಿಬಿಟ್ರು. ಆಸ್ಪತ್ರೇಲಿ ನಾಲ್ಕು ದಿನ ಮಲಗಿದ್ರು ಅಷ್ಟೇ. ನಾನು ನೋಡೋಕೆ ಹೋದಾಗ ಅವರ ಹೆಂಡತಿ ಕಣ್ಣೊರೆಸಿಕೊಂಡು, ‘ಎದ್ದಿದೆಯಾ, ಎದ್ದಿದೆಯಾ ಅಂತ ಒಂದೇ ಸಮ ಕೇಳ್ತಾರೆ ಅಕ್ಕಾ, ಮೊಮ್ಮಗೂನ ಕೇಳ್ತಿದಾರೆ ಅಂತ ಎಬ್ಬಿಸಿ ತಂದು ತೋರಿಸಿದೆ, ಆ ಕಡೆ ನೋಡಲೇ ಇಲ್ಲ’ ಅಂದ್ರು. ನನಗೆ ಗೊತ್ತಾಯ್ತು ಯಾವುದನ್ನ ಕೇಳ್ತಿದಾರೆ ಅಂತ. ‘ಎದ್ದಿದೆ ಮೇಷ್ಟ್ರೇ, ಚೆನ್ನಾಗಿದೆ’ ಅಂತ ಕಿವಿ ಹತ್ರ ಬಗ್ಗಿ ಹೇಳಿದೆ. ಕೇಳಿಸ್ತೋ ಇಲ್ವೋ, ಯಾರಿಗೆ ಗೊತ್ತು.

“ಅವರ ಜಾಗಕ್ಕೆ ಒಂದು ಹುಡುಗಿ ಬಂದಳು. ಇಷ್ಟೇ ಇಷ್ಟು ಇದ್ದಳು, ಮೇಜಿನ ಹಿಂದೆ ಕೂತರೆ ತಲೆಗೂದಲು ಮಾತ್ರ ಕಾಣೋದು, ಅದಕ್ಕೆ ಗುಬ್ಬಿ ಅಂತ ಕರೆದ್ವಿ. ಕೆಲಸದಲ್ಲಿ ಮಾತ್ರ ಬಲು ಅಚ್ಚುಕಟ್ಟು. ಅಪ್ಪ ಅಮ್ಮ ಇರಲಿಲ್ಲ ಅವಳಿಗೆ, ಒಬ್ಬ ಅಣ್ಣ. ಕೆಳಗಿನ ಕಡವಲ್ಲಿ ದೋಣಿ ಹಾಕಿ, ಹುಟ್ಟು ಹಾಕಿ ಹಾಕಿ ಅಂಗೈಯೆಲ್ಲ ಬೊಬ್ಬೆ ಮಾಡ್ಕೊಂಡು ಇವಳನ್ನ ಓದಿಸಿದೋನು. ತಿಂಗಳ ಕೊನೆಗೆ ಮೀನು ತಗೊಂಡು ಬರೋನು ನಮಗೆಲ್ಲ, ‘ನಮ್ಮ ಗುಬ್ಬಿ ಕೂಗಿಸಿದ ಹಾರ್ನ್ ಕೇಳಿಸ್ತು ದೊಡ್ಡಮ್ಮ, ದೋಣಿ ಎಳೆದು ಕಟ್ಟಿ ಬಂದೆ’ ಅಂತ ಬಾಯಿ ತುಂಬ ನಗೋನು. ಅವಳಿಗೆ ಅವನು ಬಿಟ್ರೆ ಬೇರೆ ಯಾರಿದ್ರು ಹೇಳಿ?

“ಎರಡು ಮಳೆಗಾಲ ಏನೂ ತೊಂದರೆ ಇಲ್ಲದೆ ಹೋಯ್ತು. ಎಷ್ಟು ಸಲ ಕರೆಂಟ್ ಹೋಯ್ತೋ, ಅಷ್ಟು ಸಲವೂ ಗೇಟ್‌ವೇ ತಾನಾಗೇ ಎದ್ದು ಕೂತ್ಕೊಳ್ಳೋದು. ಗುಬ್ಬಿ ಅಂದ್ಕೊಂಡಳು, ಮೇಷ್ಟ್ರು ಒಳ್ಳೇ ಸ್ಕ್ರಿಪ್ಟ್ ಬರೆದಿಟ್ಟು ಹೋಗಿದಾರೆ ಅಂತ. ನಾವೂ ಅಂದ್ಕೊಂಡ್ವಿ. ಚೆನ್ನಾಗಿ ನಡೀತಾ ಇರೋದನ್ನ ಯಾರಾದ್ರೂ ಬಿಚ್ಚಿ ನೋಡ್ತಾರಾ? ನೀವು ನೋಡ್ತೀರಾ?… ಆಮೇಲೆ ಮೇಲಿಂದ ಒಂದು ಆರ್ಡರ್ ಬಂತು, ಕೆಲಸ ಬಿಟ್ಟೋರ, ತೀರಿಕೊಂಡೋರ ಲಾಗಿನ್ನೆಲ್ಲ ತೆಗೀಬೇಕು ಅಂತ. ಸರಿಯಾದ ಮಾತೇ. ಗುಬ್ಬಿ ಕೂತು ಒಂದೊಂದೇ ಅಳಿಸಿದಳು. ಮೇಷ್ಟ್ರದ್ದೂ ಅಳಿಸಿದಳು, ಈಗ ನೀನು ಹೊರಟಿದ್ದೆಯಲ್ಲ, ಹಾಗೇ.

“ಅದೇ ವಾರ ಮಳೆ ಶುರುವಾಯ್ತು ನೋಡಿ. ಮಳೆ ಅಂದ್ರೆ ಮಳೆಯಾ! ಮಧ್ಯಾಹ್ನದ ಊಟಕ್ಕೆ ಕೂತಾಗ ಕರೆಂಟ್ ಹೋಯ್ತು, ಜನರೇಟರ್ ಕೆಮ್ಮಿ ಕೆಮ್ಮಿ ನಿಂತ್ಹೋಯ್ತು, ಅದನ್ನ ಒದ್ದು ಬೈದು ಮತ್ತೆ ಎಬ್ಬಿಸೋ ಹೊತ್ತಿಗೆ ನೀರಿನ ಮಟ್ಟ ಕೆಂಪು ಗೆರೆ ಮುಟ್ಟಿತ್ತು. ಅವತ್ತಿದ್ದ ದೊಡ್ಡ ಇಂಜಿನಿಯರ್ ಸಾಹೇಬ್ರು ಬಂದು, ‘ಕತ್ತಲಾಗೋ ಮುಂಚೆ ನೀರು ಬಿಡಲೇಬೇಕು, ಹಾರ್ನ್ ಕೂಗಿಸಮ್ಮ’ ಅಂದ್ರು. ಗುಬ್ಬಿ ಬಟನ್ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು… ಏನೂ ಇಲ್ಲ. ಗೇಟ್‌ವೇ ಎದ್ದೇ ಇರಲಿಲ್ಲ.

“ಒಳಗೆ ಓಡಿ ಸ್ಕ್ರಿಪ್ಟ್ ತೆಗೆದು ನೋಡಿದಳು. ನೋಡ್ತಾ ನೋಡ್ತಾ ಅವಳ ಮುಖದ ಬಣ್ಣವೇ ಹೋಯ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ‘ಏನಾಯ್ತೇ, ಯಾಕೆ ಕೆಡ್ತು?’ ಅಂದೆ. ಅವಳು ನನ್ನ ಕಡೆ ತಿರುಗಿ, ‘ಕೆಟ್ಟಿಲ್ಲ ದೊಡ್ಡಮ್ಮ… ಇದು ಯಾವತ್ತೂ ಸರಿಯಾಗೇ ಇರಲಿಲ್ಲ,’ ಅಂದಳು.

“ಅರ್ಥ ಆಯ್ತಾ? ಆ ಸ್ಕ್ರಿಪ್ಟು ಅರ್ಧಕ್ಕೆ ಬರೆದು ಬಿಟ್ಟಿದ್ದು. ಮೋಡೆಮ್ಮೂ ಗೇಟ್‌ವೇನೂ ಒಟ್ಟೊಟ್ಟಿಗೇ ಎಬ್ಬಿಸೋದು, ಮೋಡೆಮ್ ಕಣ್ಣು ಬಿಡೋಷ್ಟರಲ್ಲಿ ಗೇಟ್‌ವೇ ಬಿದ್ದುಹೋಗೋದು. ಇನ್ನು ಆ ಪಾಸ್‌ವರ್ಡಂತೂ ಅದರಲ್ಲಿ ಇರಲೇ ಇಲ್ಲ. ಎರಡು ಮಳೆಗಾಲದಲ್ಲಿ ಆ ಸ್ಕ್ರಿಪ್ಟಿಂದ ಗೇಟ್‌ವೇ ಒಂದು ಸಲವೂ ಎದ್ದಿರೋಕೆ ಸಾಧ್ಯವೇ ಇಲ್ಲ. ಹಾಗಾದ್ರೆ… ಇಷ್ಟು ದಿನ ಎಬ್ಬಿಸ್ತಾ ಇದ್ದಿದ್ದು ಯಾರು?

“ಅದನ್ನ ಯೋಚಿಸೋಕೆ ಪುರಸೊತ್ತೆಲ್ಲಿ! ಗುಬ್ಬಿ ತಾನೇ ಕೈಯಾರೆ ಮೋಡೆಮ್ ಎಬ್ಬಿಸಿದಳು, ಕಾದಳು, ಗೇಟ್‌ವೇ ಎಬ್ಬಿಸಿದಳು. ಪಾಸ್‌ವರ್ಡ್ ಕೇಳ್ತು. ಮೇಷ್ಟ್ರ ಮನೆಗೆ ಫೋನ್ ಮಾಡಿ ಮೊಮ್ಮಗುವಿನ ಹೆಸರು ಕೇಳಿ ಹೊಡೆದಳು, ತಪ್ಪು. ಹೆಂಡತಿ ಹೆಸರು, ತಪ್ಪು. ಹೊಳೆ ಹೆಸರು, ಅದೂ ತಪ್ಪು. ಅತ್ತ ಅಣ್ಣನಿಗೆ ಫೋನ್ ಮಾಡಿದ್ರೆ ರಿಂಗ್ ಆಗುತ್ತೆ, ಎತ್ತಲ್ಲ. ಎತ್ತೋದು ಹೇಗೆ? ಮಳೆಗೆ ನೆನೆಯಬಾರದು ಅಂತ ಪ್ಲಾಸ್ಟಿಕ್ಕಲ್ಲಿ ಸುತ್ತಿ ಹಲಗೆ ಕೆಳಗಿಟ್ಟು ಹುಟ್ಟು ಹಾಕ್ತಾ ಇರ್ತಾನೆ. ಅವತ್ತು ಆ ದಡದಲ್ಲಿ ಮದುವೆ ಮುಗಿಸಿ ಬರೋ ಜನ ಬೇರೆ, ಹೆಂಗಸರು ಮಕ್ಕಳು, ಟ್ರಿಪ್ಪಿನ ಮೇಲೆ ಟ್ರಿಪ್ಪು. ಸಾಹೇಬ್ರು ಮೈಕ್ ಕಟ್ಟಿಸಿ ಜೀಪು ಕಳಿಸಿದ್ರು, ಅದು ಬೆಟ್ಟ ಸುತ್ತಿ ಕಡವು ಮುಟ್ಟೋದು ಯಾವಾಗ! ನಾನು ಸೆಟ್ ಹಿಡ್ಕೊಂಡು ಕೂಗಿದ್ದೇ ಕೂಗಿದ್ದು, ಕಡವಲ್ಲಿ ಕೇಳೋಕೆ ಸೆಟ್ಟೇ ಇರಲಿಲ್ಲ. ‘ಇನ್ನು ಸ್ವಲ್ಪ ಹೊತ್ತು ಕಾಯಬಲ್ಲೆನಮ್ಮ, ಅದಕ್ಕಿಂತ ಜಾಸ್ತಿ ಈ ಕಟ್ಟೆ ಕಾಯಲ್ಲ’ ಅಂದ್ರು ಸಾಹೇಬ್ರು.

“ಆಗ ಗುಬ್ಬಿ ಲಾಗಿನ್ ದಾಖಲೆ ತೆಗೆದಳು. ಒಳಗೆ ಯಾರು ಬಂದ್ರು, ಯಾರು ಹೋದ್ರು ಅಂತ ಮಿಷನ್ನು ತಾನೇ ಬರೆದಿಟ್ಟುಕೊಳ್ಳೋದು. ಕರೆಂಟ್ ಬಂದ ಪ್ರತೀ ಸಲ ಅಲ್ಲಿ ಒಂದೇ ಹೆಸರು. ಮೇಷ್ಟ್ರು ಒಳಗೆ ಬಂದ್ರು… ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಹೊರಗೆ ಹೋದ್ರು. ಅವರು ಸತ್ತ ಮೇಲಿನ ಎರಡೂ ಮಳೆಗಾಲ ಪೂರ್ತಿ ಹಾಗೇ. ಬೇರೆ ಊರಿಂದ, ಬೇರೆ ಕಂಪ್ಯೂಟರಿಂದ ಬಂದಿದ್ದಲ್ಲ. ಈ ರೂಮಿನ, ಈ ಮೇಜಿನ ಕೀಬೋರ್ಡಿಂದಲೇ.

“ಅವತ್ತಿನ ದಿನಾಂಕದ ಕೆಳಗೆ ಮಾತ್ರ ಬೇರೆ ಇತ್ತು. ಮೇಷ್ಟ್ರು… ಪ್ರವೇಶ ಇಲ್ಲ. ಮೇಷ್ಟ್ರು… ಪ್ರವೇಶ ಇಲ್ಲ. ಮೇಷ್ಟ್ರು… ಪ್ರವೇಶ ಇಲ್ಲ. ಕರೆಂಟ್ ಬಂದಾಗಿಂದ ಶುರುವಾಗಿ ಪುಟ ತುಂಬ. ನಾವು ನೋಡ್ತಾ ಇದ್ದ ಹಾಗೇ ಕೆಳಗೆ ಇನ್ನೊಂದು ಸಾಲು ಬಂತು. ಆ ಮೇಜಿಗಿದ್ದಿದ್ದು ಒಂದೇ ಕೀಬೋರ್ಡು. ಗುಬ್ಬಿಯ ಎರಡೂ ಕೈ ಅವಳ ಬಾಯಿ ಮೇಲಿತ್ತು. ನಾನು ಬಾಗಿಲ ಚೌಕಟ್ಟು ಹಿಡ್ಕೊಂಡಿದ್ದೆ. ಮತ್ತೊಂದು ಸಾಲು… ಮತ್ತೊಂದು… ಒಳಗೆ ಬಿಡಿ ಒಳಗೆ ಬಿಡಿ ಅಂತ ಯಾರೋ ಬಾಗಿಲು ಬಡೀತಾ ಇದ್ದ ಹಾಗೆ. ನನಗೆ ಹೆದರಿಕೆ ಆಯ್ತು. ಸುಳ್ಳು ಯಾಕೆ ಹೇಳಲಿ. ‘ಬಾರೇ ಆಚೆ, ಬಾ, ಬಾಗಿಲು ಹಾಕೋಣ’ ಅಂತ ಅವಳ ರಟ್ಟೆ ಹಿಡಿದು ಎಳೆದೆ.

“ಅವಳು ಬರಲಿಲ್ಲ. ‘ಅಣ್ಣ ಹೊಳೇಲಿದಾನೆ ದೊಡ್ಡಮ್ಮ’ ಅಂದಳು, ಅಷ್ಟೇ. ಹಿಂದಿನ ವಾರದ ಬ್ಯಾಕಪ್ ತೆಗೆದು, ಅದರಿಂದ ಮೇಷ್ಟ್ರ ಲಾಗಿನ್ನು ಇದ್ದ ಹಾಗೇ ವಾಪಸ್ ಹಾಕಿದಳು, ಆ ಲಾಗಿನ್ನಿನ ಹಳೇ ಪಾಸ್‌ವರ್ಡಿನ ಸಮೇತ. ಗೇಟ್‌ವೇ ಕೇಳೋ ಪಾಸ್‌ವರ್ಡ್ ಮಾತ್ರ ಅದರಲ್ಲೂ ಇರಲಿಲ್ಲ. ಹಾಕಿ, ಕುರ್ಚಿಯಿಂದ ಎದ್ದು, ಪಕ್ಕಕ್ಕೆ ಸರಿದು ನಿಂತಳು. ದೊಡ್ಡೋರು ಬಂದಾಗ ಜಾಗ ಬಿಡ್ತೀವಲ್ಲ, ಹಾಗೆ. ‘ಬನ್ನಿ ಮೇಷ್ಟ್ರೇ’ ಅಂದಳು. ಅವಳ ದನಿ ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

“ಪ್ರವೇಶ ಆಯ್ತು ಅಂತ ಬಂತು ಸ್ಕ್ರೀನಲ್ಲಿ.

“ಆಮೇಲೆ ನಾನು ಕಂಡಿದ್ದನ್ನ ಕಂಡ ಹಾಗೇ ಹೇಳ್ತೀನಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಕುರ್ಚಿ ಖಾಲಿ. ಕೀಬೋರ್ಡು ಅಲುಗಲಿಲ್ಲ. ಮೋಡೆಮ್ಮಿನ ದೀಪ ಆರಿ ಹತ್ತಿತು. ಕಾಯ್ತು… ಗೇಟ್‌ವೇ ಪಾಸ್‌ವರ್ಡ್ ಕೇಳ್ತು. ಅದರ ಮುಂದೆ ಒಂದು ಚುಕ್ಕಿ ಬಿತ್ತು. ತಡೆದು… ಇನ್ನೊಂದು. ತಡೆದು… ಇನ್ನೊಂದು. ನಿಧಾನ ಅಂದ್ರೆ ಅಷ್ಟು ನಿಧಾನ! ಆಚೆ ಸಾಹೇಬ್ರು, ‘ಇನ್ನಾಗಲ್ಲ, ಬಿಡ್ತೀವಿ’ ಅಂತ ಕೂಗ್ತಿದಾರೆ, ಗುಬ್ಬಿ ನನ್ನ ಸೆರಗು ಹಿಡಿದು ಹಿಂಡ್ತಿದಾಳೆ, ಇಲ್ಲಿ ಒಂದೊಂದೇ ಚುಕ್ಕಿ… ಒಂದೇ ಬೆರಳು ನೋಡಿ, ಅದಕ್ಕೆ. ನಾನು ಆಡ್ಕೊಂಡು ನಗ್ತಿದ್ದ ಆ ಒಂದೇ ಬೆರಳು. ‘ಬೇಗ ಮೇಷ್ಟ್ರೇ, ಬೇಗ’ ಅಂತ ನಾನೇ ಕಿರುಚಿದೆ.

“ಗೇಟ್‌ವೇ ಎದ್ದಿತು. ಗುಬ್ಬಿ ಹಾರಿ ಬಟನ್ ಒತ್ತಿದಳು. ಕೆಳಗೆ ಮೊದಲನೇ ಕಂಬದ ಹಾರ್ನು ಕೂಗ್ತು, ಅದರಾಚೆ ಎರಡನೇದು, ಅದರಾಚೆ ಮೂರನೇದು, ಹಾಗೇ ಹೊಳೆಗುಂಟ ದೂರ ದೂರ ಹೋಯ್ತು ಕೂಗು.

“ಅವಳಣ್ಣ ಆಗ ನಡುಹೊಳೇಲಿದ್ದನಂತೆ, ದೋಣಿ ತುಂಬ ಜನ. ಹಾರ್ನ್ ಕೇಳಿದ್ದೇ ತಡ, ಆ ದಡದ ಆಸೆ ಬಿಟ್ಟು ಹತ್ತಿರದ ಬಂಡೆ ಕಡೆ ತಿರುಗಿಸಿ, ಮಕ್ಕಳನ್ನೆಲ್ಲ ಎತ್ತೆತ್ತಿ ಮೇಲೆ ಹಾಕಿದ. ಕೊನೆಯವನಾಗಿ ತಾನು ಹತ್ತಿದ. ನೀರು ಬಂದು ದೋಣಿಯನ್ನ ಹೊತ್ಕೊಂಡು ಹೋಯ್ತು. ಜನ ಒಬ್ಬರೂ ಹೋಗಲಿಲ್ಲ. ಒಬ್ಬರೂ! ಮಾರನೇ ದಿನ ಇಲ್ಲಿಗೆ ಬಂದು ತಂಗಿ ತಲೆ ಸವರಿದ, ಇಬ್ಬರೂ ಅತ್ತರು, ನೋಡ್ತಾ ನಿಂತಿದ್ದ ನಾನೂ ಅತ್ತೆ. ದೋಣಿ ಹೊಸದು ಮಾಡಿಸಿದ್ರಾಯ್ತು ಬಿಡಿ.

“ಇಲ್ಲಿಗೆ ಕತೆ ಮುಗಿದಿದ್ರೆ ನಾನು ಈ ಹುಡುಗಿ ಕೈ ತಡೀತಿರಲಿಲ್ಲ.

“ಸಾಹೇಬ್ರಿಗೆ ನಾವು ಎಲ್ಲಾ ಹೇಳಿದ್ವಿ. ಅವರು ನಂಬಲೂ ಇಲ್ಲ, ನಗಲೂ ಇಲ್ಲ. ‘ಇನ್ನೊಂದು ಸಲ ಹೀಗಾಗಬಾರದು’ ಅಂತ ಮಾತ್ರ ಅಂದ್ರು. ನ್ಯಾಯವೇ ಅಲ್ವಾ? ಮಳೆ ನಿಂತ ಮೇಲೆ ಆ ಹಾರ್ನ್ ಮಾಡಿದ ಕಂಪನಿಯೋರನ್ನ ಕರೆಸಿ, ಒಂದೊಂದು ಕಂಬದ ಪೆಟ್ಟಿಗೆಯನ್ನೂ ಬಿಚ್ಚಿಸಿ, ಪಾಸ್‌ವರ್ಡ್ ಬದಲಾಯಿಸಿದ್ರು. ಗುಬ್ಬಿ ಸ್ಕ್ರಿಪ್ಟನ್ನ ಹೊಸದಾಗಿ ಬರೆದಳು. ಮೋಡೆಮ್ ಓ ಅನ್ನೋವರೆಗೆ ಕಾಯೋ ಹಾಗೆ, ಹೊಸ ಪಾಸ್‌ವರ್ಡನ್ನ ಬೀಗ ಹಾಕಿದ ಜಾಗದಿಂದ ತಾನೇ ಓದಿಕೊಳ್ಳೋ ಹಾಗೆ. ಬರೆದು, ಎಲ್ಲರ ಮುಂದೆ ಪ್ಲಗ್ ಕಿತ್ತು ಮತ್ತೆ ಹಾಕಿದಳು. ಯಾರೂ ಮುಟ್ಟದೆ ಗೇಟ್‌ವೇ ಎದ್ದು ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದ್ರು, ಸಾಹೇಬ್ರು ಸ್ವೀಟ್ ತರಿಸಿದ್ರು.

“ಗುಬ್ಬಿ ಮಾತ್ರ ಸ್ವೀಟ್ ಕೈಯಲ್ಲಿ ಹಿಡ್ಕೊಂಡು ಸ್ಕ್ರೀನ್ ನೋಡ್ತಾ ನಿಂತಿದ್ದಳು. ಮಿಷನ್ನು ಎದ್ದ ಉಸಿರಿಗೇ ಮೇಷ್ಟ್ರು ಒಳಗೆ ಬಂದಿದ್ರು. ಮುಂಚೆಲ್ಲ ಬಂದು, ಎಬ್ಬಿಸಿ, ಹೊರಟುಹೋಗೋರು. ಆವತ್ತು ಹೋಗಲಿಲ್ಲ. ಸಂಜೆ ನೋಡಿದಳು, ಒಳಗೇ ಇದಾರೆ. ಬೆಳಗ್ಗೆ ಬಂದು ನೋಡಿದಳು… ಒಳಗೇ ಇದಾರೆ. ಆಮೇಲೆ ಎಷ್ಟು ಸಲ ಮಿಷನ್ ಆರಿಸಿ ಹಚ್ಚಿದ್ರೂ ಹಾಗೇ, ಮೊದಲು ಬರೋರು ಅವರು, ಹೋಗದೇ ಇರೋರು ಅವರು.”

“ಹಳೇ ಸೆಷನ್, ಲಾಗಿನ್ ಮುಚ್ಚದೆ ಹಾಗೇ ಸಿಕ್ಕಾಕೊಂಡಿರುತ್ತೆ ದೊಡ್ಡಮ್ಮ,” ಎಂದ ಹೀಟರಿನ ಹತ್ತಿರ ಕೂತಿದ್ದ ಒಬ್ಬ. ನಗುವ ಪ್ರಯತ್ನ ಮಾಡಿದ, ಜೊತೆಗೆ ಯಾರೂ ನಗಲಿಲ್ಲ.

“ನಾನೂ ಅದೇ ಅಂದೆನಪ್ಪಾ, ನಿನಗಿಂತ ಮುಂಚೆ! ಆಗ ಗುಬ್ಬಿ ನನಗೆ ತೋರಿಸಿದಳು. ಒಳಗಿರೋರ ಪಟ್ಟೀಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಅಂಕಿ ಇರುತ್ತಲ್ಲ, ಕೊನೇ ಸಲ ಕೀ ಮುಟ್ಟಿ ಎಷ್ಟು ಹೊತ್ತಾಯ್ತು ಅಂತ? ನಿಮಗೆ ಗೊತ್ತಿರೋದೇ. ನೀನು ಟೀ ಕುಡಿಯೋಕೆ ಎದ್ದರೆ ನಿನ್ನ ಅಂಕಿ ಏರುತ್ತೆ, ಊಟಕ್ಕೆ ಹೋದ್ರೆ ಇನ್ನೂ ಏರುತ್ತೆ. ಸಿಕ್ಕಾಕೊಂಡ ಸೆಷನ್ ಆದ್ರೆ ಏರ್ತಾನೇ ಹೋಗಬೇಕು, ಹೌದೋ ಇಲ್ವೋ? ಮೇಷ್ಟ್ರದ್ದು ಸೊನ್ನೆ. ಯಾವಾಗ ನೋಡಿ, ಸೊನ್ನೆ. ಈ ಹುಡುಗಿ ಮುಂದೆ ಆ ಪಟ್ಟಿ ತೆರೆದೇ ಇದೆ, ಬೇಕಾದ್ರೆ ಎದ್ದು ಬಂದು ನೋಡು.”

ಯಾರೂ ಏಳಲಿಲ್ಲ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಸ್ಕ್ರೀನು ನೋಡಿದಳು, ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದಳು. ದೊಡ್ಡಮ್ಮ ಶಾಲು ಬಿಗಿಯಾಗಿ ಹೊದ್ದುಕೊಂಡರು. ದನಿ ಇಳಿಯಿತು.

“ಏನು ಹೊಡೀತಾ ಇದಾರೆ ಅಂತ ಗುಬ್ಬಿ ಒಂದೇ ಒಂದು ಸಲ ಇಣುಕಿದಳು. ಒಂದೇ ಪದ… ಮತ್ತೆ ಅದೇ… ಮತ್ತೆ ಅದೇ. ಯಾವ ಪದ ಅಂತ ನನಗೂ ಹೇಳಲಿಲ್ಲ. ನಾವು ಪಾಸ್‌ವರ್ಡ್ ಬದಲಾಯಿಸಿಬಿಟ್ವಿ, ಸ್ಕ್ರಿಪ್ಟ್ ಸರಿ ಮಾಡಿಬಿಟ್ವಿ, ಸ್ವೀಟ್ ತಿಂದ್ವಿ… ಅವರಿಗೆ ಹೇಳಿದೋರು ಯಾರು? ಗುಬ್ಬಿ ಈಗ ನಿಮ್ಮ ಮೇಲಿನ ಮಹಡಿ ಮೇಡಂ ಆಗಿದಾಳೆ, ಇಷ್ಟು ದೊಡ್ಡ ಕುರ್ಚಿ, ಅವಳಿಗೂ ಬಾಯಿ ಬಂದಿಲ್ಲ. ‘ನಿಮ್ಮ ಹಳೇ ಪಾಸ್‌ವರ್ಡ್ ಈಗ ನಡೆಯಲ್ಲ ಮೇಷ್ಟ್ರೇ, ನಿಮಗೆ ಕೆಲಸ ಇಲ್ಲ ಅಂತ ನಾನು ಹೇಗೆ ಹೇಳಲಿ ದೊಡ್ಡಮ್ಮ, ನನ್ನಣ್ಣನ್ನ ಉಳಿಸಿಕೊಟ್ಟೋರಿಗೆ?’ ಅಂತಾಳೆ.

“ಅಳಿಸ್ತೀಯೇನಮ್ಮ? ಅಳಿಸು. ಆದ್ರೆ ಅದಕ್ಕೆ ಮುಂಚೆ ನೀನೇ ಅವರಿಗೊಂದು ಮಾತು ಹೇಳು, ಎದ್ದಿದೆ ಅಂತ. ಆಸ್ಪತ್ರೇಲಿ ನಾನು ಹೇಳಿದ್ದು ಕೇಳಿಸಿರಲಿಲ್ಲ ಅಂತ ಕಾಣುತ್ತೆ ಅವರಿಗೆ… ನೀನು ಹೇಳಿದ್ರೆ ಕೇಳಿಸುತ್ತೋ ನೋಡು. ಯಾಕಂದ್ರೆ ಅವರ ಲೆಕ್ಕದಲ್ಲಿ ಅದು ಇನ್ನೂ ಎದ್ದಿಲ್ಲ ಕಣಮ್ಮ. ನೀರು ಬಿಡೋ ಹೊತ್ತಾಗಿದೆ, ಹಾರ್ನು ಕೂಗ್ತಾ ಇಲ್ಲ… ದೋಣಿ ಇನ್ನೂ ನಡುಹೊಳೇಲೇ ಇದೆ.”